ಶಿಖರದ ಆಚೆಯ ಇಳಿಜಾರು

ಈ ತಿಂಗಳ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ಕಳೆದ ವರ್ಷದ ವಿಜ್ಞಾನ ಮೇಳಕ್ಕೆಂದು ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಚಿತ್ರಪಟವನ್ನು ಬರೆದು ತಂದಿದ್ದಳು. ನೆಲದಿಂದ ಮೇಲೆ ಮೇಲೆ ಹೋದಂತೆ ಆಕಾಶದಲ್ಲಿರುವ ವಿದ್ಯುತ್ಕಣಗಳ ಸಂಖ್ಯೆ ಹೇಗೆ ಹೆಚ್ಚುತ್ತದೆ, ಹೇಗೆ ಕಡಿಮೆಯಾಗುತ್ತದೆ ಎಂಬುದರ ಚಿತ್ರ ಅದು. ಸುಮಾರು 300 ಕಿಲೋಮೀಟರು ಎತ್ತರದವರೆಗೆ ಏರುವ ಗೆರೆ. ಅಲ್ಲಿಂದಾಚೆಗೆ ಇಳಿಯುವ ಗೆರೆ. ಏರುವ ಭಾಗ ಗೋಡೆಯಂತೆ ಕಡಿದಾಗಿತ್ತು. ಇಳಿಯುವ ಭಾಗವು ಉದ್ದಕ್ಕೆ ಚಾಚಿಕೊಂಡು ಕಾಗದದ ಅಂಚನ್ನು ಮುಟ್ಟಿ ಅಲ್ಲಿಗೆ ತುಂಡಾಗಿತ್ತು.

"ಇದೇನು, ಮುಗಿಯಲೇ ಇಲ್ಲವಲ್ಲ?" ಎಂದೆವು.

"ಕಾಗದ ಸಾಕಾಗಲಿಲ್ಲ ಮಾಸ್ಟ್ರೇ" ಎಂದಳು.

ನಮಗೆ ಅದು ಸರಿಕಾಣಲಿಲ್ಲ. ಏರಿದ ಹಾಗೆಯೇ ಇಳಿಯಬೇಕಲ್ಲವೆ, ಗುಡ್ಡದ ಎರಡು ಬದಿಯ ಹಾಗೆ ಸಮನಾಗಿ ಬರೆ ಎಂದು ಹೇಳಿ ರಬ್ಬರನ್ನು ನಾವೇ ಅವಳ ಕೈಗಿತ್ತೆವು. ಅವಳು ಮರುಮಾತಾಡದೆ ಅಳಿಸಿ, ಹೇಳಿದಂತೆ ಬರೆದಳು. ಉಪಜಿಲ್ಲಾ ಮೇಳದಲ್ಲಿ ಚಿತ್ರಕ್ಕೆ ಬಹುಮಾನ ಬರಲಿಲ್ಲ. ತಪ್ಪಿದೆಯೆಂದು ಯಾರೂ ಹೇಳಲೂ ಇಲ್ಲ. ಈ ಬೇಸಗೆಯ ರಜೆಯಲ್ಲಿ ಬೇರೆ ಯಾವುದಕ್ಕೋ ಪುಸ್ತಕ ತಿರುವುತ್ತಿದ್ದಾಗ ಅದೇ ಚಿತ್ರ ಕಣ್ಣಿಗೆ ಬಿತ್ತು. ಅವಳು ಮೊದಲು ಬರೆದದ್ದೇ ಸರಿಯಾಗಿತ್ತು. ಮಗು ಬರೆದುದನ್ನು ಅಳಿಸುವ ಮೊದಲು ಹಾಗೇಕೆ ಬರೆದೆ ಎಂದು ಕೇಳಬೇಕೆಂಬುದು ಶಿಕ್ಷಕರ ತರಬೇತಿಯಲ್ಲಿ ನಮಗೆ ಮೊದಲ ತಿಂಗಳಲ್ಲೇ ಕಲಿಸಿದ ಪಾಠ. ಮೂವತ್ತು ವರ್ಷಗಳಲ್ಲಿ ಅದು ಮರೆತುಹೋಗಿತ್ತು ಎನ್ನಬೇಕು.

ವಿಷಯಕ್ಕೆ ಬರೋಣ. ನಮ್ಮ ಪ್ರಾಯದ ಓದುಗರಿಗೆ ಅಯಾನುಗೋಳವು ಹೆಸರಿನಿಂದಲ್ಲದಿದ್ದರೂ ಉಪಕಾರದಿಂದ ಪರಿಚಿತವೇ. ಹಗಲು ಹೊತ್ತಿನಲ್ಲಿ ಎಷ್ಟು ತಿರುಗಿಸಿದರೂ ಸಿಕ್ಕದ ಧಾರವಾಡದ ಆಕಾಶವಾಣಿ, ರಾತ್ರಿ ಊಟದ ಹೊತ್ತಿಗೆ ಚಾವಡಿಯ ರೇಡಿಯೋದಲ್ಲಿ ತೆರೆಯಂತೆ ಏರುತ್ತ ಇಳಿಯುತ್ತ ಕೇಳಿಸುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ತೀಕ್ಷ್ಣ ಕಿರಣಗಳಿವೆಯಷ್ಟೆ. ಅವು ಮೇಲಿನ ವಾಯುವಿನ ಪರಮಾಣುಗಳಿಗೆ ತಾಗಿ ಇಲೆಕ್ಟ್ರಾನುಗಳನ್ನು ಕಿತ್ತು ಹೊರಹಾಕುತ್ತವೆ. ಇಲೆಕ್ಟ್ರಾನನ್ನು ಕಳೆದುಕೊಂಡು ಉಳಿದದ್ದು ಅಯಾನು. ಬಿಡಿ ಇಲೆಕ್ಟ್ರಾನುಗಳೂ ಅಯಾನುಗಳೂ ಕೂಡಿರುವ ಈ ಮಿಶ್ರಣಕ್ಕೆ ಪ್ಲಾಸ್ಮಾ ಎಂದು ಹೆಸರು. ಹಗಲಿನಲ್ಲಿ 60ರಿಂದ 90 ಕಿಲೋಮೀಟರುಗಳ ನಡುವೆ ಇರುವ ಕೆಳಪದರವು ಮಧ್ಯಮ ತರಂಗಗಳನ್ನು ನುಂಗಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗಿಹೋಗುವುದರಿಂದ ತರಂಗಗಳು ಇನ್ನೂ ಮೇಲಿನ ಪದರಗಳನ್ನು ತಲಪಿ, ಅಲ್ಲಿಂದ ಬಾಗಿ ನೆಲಕ್ಕೆ ಮರಳುತ್ತವೆ. ಗಡಿಯ ಈಚೆಗಿದ್ದ ನಮ್ಮ ಮನೆಗಳಿಗೆ ರಾತ್ರಿಯ ಕನ್ನಡ ವಾರ್ತೆಯನ್ನು ಇಳಿಸಿಕೊಟ್ಟದ್ದು ಹೀಗೆ.

ಇಂಥ ಪದರವೊಂದು ಇರಬೇಕೆಂದು 1902ರಲ್ಲಿ ಕೆನೆಲಿ ಮತ್ತು ಹೆವಿಸೈಡ್ ಎಂಬವರು ಊಹಿಸಿದರು. 1924ರಲ್ಲಿ ಇಂಗ್ಲೆಂಡಿನ ಆಪಲ್‌ಟನ್ ಅದನ್ನು ಪ್ರಯೋಗದಿಂದ ಸಿದ್ಧಪಡಿಸಿ, 1947ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಈ ಕಥೆ ಪಠ್ಯಪುಸ್ತಕಗಳಲ್ಲಿ ಬಂದಿದೆ; ಇಲ್ಲಿ ವಿಸ್ತರಿಸುವುದಿಲ್ಲ.

ಪ್ಲಾಸ್ಮಾ ಅತ್ಯಂತ ದಟ್ಟವಾಗಿರುವುದು ಸಾಮಾನ್ಯವಾಗಿ 250ರಿಂದ 400 ಕಿಲೋಮೀಟರುಗಳ ನಡುವೆ. ಚಿತ್ರದಲ್ಲಿ ನಾವು ಶಿಖರ ಎಂದದ್ದು ಇದನ್ನೇ. ಅಲ್ಲಿ ನಡುಹಗಲಲ್ಲಿ ಒಂದು ಘನ ಸೆಂಟಿಮೀಟರಿನಲ್ಲಿ, ಅಂದರೆ ದೊಡ್ಡದೊಂದು ಕಡಲೆಕಾಳು ಹಿಡಿಸುವಷ್ಟು ಜಾಗದಲ್ಲಿ, 10 ಲಕ್ಷದ ಆಸುಪಾಸು ಇಲೆಕ್ಟ್ರಾನುಗಳಿರುತ್ತವೆ. ಸಂಖ್ಯೆ ದೊಡ್ಡದೆಂದು ಬೆರಗಾಗಬೇಕಾಗಿಲ್ಲ. ಅದೇ ಜಾಗದಲ್ಲಿ ವಿದ್ಯುದಂಶವಿಲ್ಲದ ಸಾದಾ ಪರಮಾಣುಗಳು ಸುಮಾರು 100 ಕೋಟಿ ಇರುತ್ತವೆ. ನಮ್ಮ ಅಂಗಳದ ಗಾಳಿಯಲ್ಲಾದರೆ 25ರ ಮುಂದೆ 18 ಸೊನ್ನೆ ಇಟ್ಟಷ್ಟು ಅಣುಗಳು. ಶಿಖರದಲ್ಲಿಯೂ ಸಾವಿರಕ್ಕೆ ಒಂದರಂತೆ ಮಾತ್ರ ಅಯಾನುಗಳೆಂದಾಯಿತು.

ಶಿಖರವು ಅದೇ ಎತ್ತರದಲ್ಲಿ ಏಕೆ? ಸೂರ್ಯಕಿರಣವು ಅತಿ ಹೆಚ್ಚು ಅಯಾನುಗಳನ್ನು ಹುಟ್ಟಿಸುವ ಜಾಗ ಅದೇ ಇರಬೇಕೆಂದು ನಾವೂ ತಿಳಿದಿದ್ದೆವು. ಹಾಗಲ್ಲವಂತೆ. ಹುಟ್ಟುವಳಿ ಅತ್ಯಧಿಕವಾಗಿರುವುದು ಅದಕ್ಕಿಂತ ಬಹಳ ಕೆಳಗೆ, 150–180 ಕಿಲೋಮೀಟರಿನ ಸುತ್ತಮುತ್ತ. ಆದರೆ ಅಲ್ಲಿ ಸಾರಜನಕ, ಆಮ್ಲಜನಕಗಳ ಅಣುಗಳು ಧಾರಾಳವಾಗಿವೆ. ಆಮ್ಲಜನಕದ ಒಂಟಿ ಪರಮಾಣುವಿನ ಅಯಾನು ಇಲೆಕ್ಟ್ರಾನಿನೊಡನೆ ನೇರವಾಗಿ ಕೂಡಿಕೊಳ್ಳುವುದು ಬಹು ನಿಧಾನ. ಅಣುವಿಗೆ ಡಿಕ್ಕಿ ಹೊಡೆದು ತನ್ನ ವಿದ್ಯುದಂಶವನ್ನು ಅದಕ್ಕೆ ದಾಟಿಸಿತೆಂದರೆ, ಆ ಹೊಸ ಅಯಾನು ಕ್ಷಣಮಾತ್ರದಲ್ಲಿ ಇಲೆಕ್ಟ್ರಾನನ್ನು ನುಂಗಿ ತಣ್ಣಗಾಗುತ್ತದೆ. ಆದುದರಿಂದ ಕೆಳಗೆ ಆದಾಯವೂ ಹೆಚ್ಚು, ಖರ್ಚೂ ಹೆಚ್ಚು. ಮೇಲೆ ಹೋದಂತೆ ಎರಡೂ ತಗ್ಗುತ್ತವೆ, ಆದರೆ ಖರ್ಚು ಬೇಗ ತಗ್ಗುತ್ತದೆ. ಪೇಟೆಯ ಉದ್ಯೋಗಸ್ಥನ ಕೈಯಲ್ಲಿ ಉಳಿಯದ ಹಣ ಕೆಲವೊಮ್ಮೆ ಹಳ್ಳಿಯ ಅಲ್ಪ ಸಂಬಳದವನಲ್ಲಿ ಉಳಿಯುವುದನ್ನು ನಾವು ನೋಡಿಲ್ಲವೆ? ಶಿಖರವೆಂದರೆ ಅತಿ ಹೆಚ್ಚು ಉಳಿತಾಯದ ಎತ್ತರ. ಅದಕ್ಕೂ ಮೇಲೆ ಆದಾಯ ಖರ್ಚುಗಳೆರಡೂ ನಗಣ್ಯವಾಗಿ, ಪ್ಲಾಸ್ಮಾವು ತನ್ನ ಭಾರಕ್ಕೆ ತಕ್ಕಂತೆ ಮೇಲೆ ಕೆಳಗೆ ಹರಡಿಕೊಳ್ಳುವುದೊಂದೇ ಮುಖ್ಯ ವ್ಯವಹಾರವಾಗುತ್ತದೆ.

ಈ ಶಿಖರದ ಆಚೆಯ ಮಗ್ಗುಲನ್ನು ನೆಲದ ಮೇಲಿನವರು ಬಹುಕಾಲ ನೋಡಲಾರದೆ ಹೋದರು. ಅಯಾನುಗೋಳವನ್ನು ಅಳೆಯುವ ರೇಡಿಯೋ ಯಂತ್ರವು ಕಡಿಮೆ ಕಂಪನಾಂಕದಿಂದ ತೊಡಗಿ ಕ್ರಮವಾಗಿ ಹೆಚ್ಚಿಸುತ್ತ ತರಂಗಗಳನ್ನು ನೇರ ಮೇಲಕ್ಕೆ ಕಳಿಸುತ್ತದೆ. ಮರುದನಿ ಎಷ್ಟು ಹೊತ್ತಿಗೆ ಬಂತೆಂಬುದನ್ನು ಬರೆದಿಡುತ್ತದೆ. ಕಂಪನಾಂಕ ಹೆಚ್ಚಿದಷ್ಟೂ ತಡೆದು ಹಿಂದಿರುಗಿಸುವುದಕ್ಕೆ ಹೆಚ್ಚು ದಟ್ಟ ಪ್ಲಾಸ್ಮಾ ಬೇಕು. ಘನ ಸೆಂಟಿಮೀಟರಿಗೆ 10 ಲಕ್ಷ ಇಲೆಕ್ಟ್ರಾನುಗಳಿರುವ ಶಿಖರವು ಸುಮಾರು 9 ಮೆಗಾಹರ್ಟ್ಸ್‌ವರೆಗಿನ ತರಂಗವನ್ನು ಮರಳಿಸೀತು. ಅದಕ್ಕಿಂತ ಮೇಲಿನದು ಶಿಖರವನ್ನು ದಾಟಿತೆಂದರೆ ಮುಂದೆ ತಡೆಯುವವರೇ ಇಲ್ಲ, ಏಕೆಂದರೆ ಆಚೆ ಪ್ಲಾಸ್ಮಾ ಇನ್ನೂ ವಿರಳ. ನಮ್ಮೂರ ಬೈಲಿನಲ್ಲಿ ನಿಂತವನಿಗೆ ಗುಡ್ಡದ ಈಚೆಯ ಮೈ ಮಾತ್ರ ಕಾಣುವುದಲ್ಲದೆ ಆಚೆಯದು ಕಾಣುವುದುಂಟೆ? ಆಚೆ ಕಡೆಯನ್ನು ಕಾಣದವನು ಈಚೆಯಂತೆಯೇ ಇರಬೇಕೆಂದು ಭಾವಿಸುತ್ತಾನೆ. ನಾವು ಮಾಡಿದ್ದು ಅದನ್ನೇ.

ಗುಡ್ಡವನ್ನು ಮೇಲಿನಿಂದ ನೋಡಿದ್ದು ಕೆನಡಾ ದೇಶದ ಮೊದಲ ಉಪಗ್ರಹ. ಹೆಸರು ಅಲುಯೆಟ್, ಅದೊಂದು ಹಕ್ಕಿಯ ಹೆಸರು. 1962ರ ಸೆಪ್ಟೆಂಬರ್ 29ರಂದು ಹಾರಿದ ಅದು ಸುಮಾರು 1000 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ನೆಲದ ಯಂತ್ರವು ಮಾಡುತ್ತಿದ್ದ ಕೆಲಸವನ್ನೇ ತಲೆಕೆಳಗಾಗಿ ಮಾಡಿತು. ಮೇಲಿನಿಂದ ಕೆಳಕ್ಕೆ ತರಂಗಗಳನ್ನು ಕಳಿಸಿ ಶಿಖರದ ಮೇಲ್ಮೈಯಿಂದ ಬಂದ ಮರುದನಿಯನ್ನು ದಾಖಲಿಸಿತು. ಅದರ ಆಂಟೆನಾ ಒಂದು ತುದಿಯಿಂದ ಇನ್ನೊಂದು ತುದಿಗೆ 150 ಅಡಿ ಉದ್ದ. ಅಷ್ಟುದ್ದದ ಕೋಲನ್ನು ರಾಕೆಟ್ಟಿನ ತಲೆಯೊಳಗೆ ಇಡುವುದು ಹೇಗೆ? ಮೇಸ್ತ್ರಿಗಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಉಕ್ಕಿನ ಅಳತೆಪಟ್ಟಿಯಂತೆ ಅದನ್ನು ಸುರುಳಿ ಸುತ್ತಿಟ್ಟು, ಮೇಲೆ ಹೋದ ಮೇಲೆ ಬಿಚ್ಚಿದರು. ಒಂದು ವರ್ಷ ಕೆಲಸ ಮಾಡಿದರೆ ಸಾಕೆಂದು ಕಳಿಸಿದ ಆ ಹಕ್ಕಿ ಹತ್ತು ವರ್ಷ ದುಡಿಯಿತು.

ಹೀಗೆ ಕಂಡ ಇಳಿಜಾರು ಈಚೆಯ ಏರಿನಂತಿರಲಿಲ್ಲ. ಅದು ನೀಳವಾಗಿತ್ತು. ಇದರ ಕಾರಣವೇ ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು.

ಯಾವುದೇ ಅನಿಲವು ಮೇಲೆ ಹೋದಂತೆ ತೆಳ್ಳಗಾಗುತ್ತದೆ. ಕಣವು ಭಾರವಾಗಿದ್ದರೆ ಬೇಗ, ಹಗುರವಾಗಿದ್ದರೆ ನಿಧಾನವಾಗಿ. ಬಿಸಿಯಾಗಿದ್ದರೆ ಇನ್ನಷ್ಟು ನಿಧಾನವಾಗಿ. ಶಿಖರದ ಆಸುಪಾಸಿನ ಉಷ್ಣತೆಯನ್ನು 700 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಆಮ್ಲಜನಕದ ಸಾದಾ ಪರಮಾಣುಗಳು ಪ್ರತಿ 40 ಕಿಲೋಮೀಟರಿಗೊಮ್ಮೆ ಅರ್ಧಕ್ಕೆ ಇಳಿಯುತ್ತವೆ. ಅಯಾನಿನ ಭಾರವೂ ಅಷ್ಟೇ. ಹೋದದ್ದು ಒಂದು ಇಲೆಕ್ಟ್ರಾನು, ಆಮ್ಲಜನಕದ ಪರಮಾಣುವಿನ ಇಪ್ಪತ್ತೊಂಬತ್ತು ಸಾವಿರದಲ್ಲೊಂದು ಪಾಲಿನಷ್ಟು ತೂಕ. ಹಾಗಾದರೆ ಅಯಾನುಗಳೂ 40 ಕಿಲೋಮೀಟರಿಗೆ ಅರ್ಧವಾಗಬೇಕಿತ್ತು. ಆಗುವುದಿಲ್ಲ. ಅವು ಅರ್ಧವಾಗಲು 80 ಕಿಲೋಮೀಟರು ಬೇಕು.

ಏಕೆಂದರೆ ಅಯಾನು ಒಂಟಿಯಲ್ಲ. ಹಗುರಾದ ಇಲೆಕ್ಟ್ರಾನು ಮೇಲಕ್ಕೆ ಹಾರಿಹೋಗಲು ಹವಣಿಸುತ್ತದೆ. ಭಾರವಾದ ಅಯಾನು ಕೆಳಗೆ ಕೂರಲು ನೋಡುತ್ತದೆ. ಎರಡೂ ಕೂದಲೆಳೆಯಷ್ಟು ಬೇರೆಯಾದೊಡನೆ ಅವುಗಳ ನಡುವೆ ವಿದ್ಯುತ್ ಕ್ಷೇತ್ರವೊಂದು ಹುಟ್ಟಿ ಒಂದನ್ನೊಂದು ಸೆಳೆಯುತ್ತದೆ. ಗುಡ್ಡ ಹತ್ತುವಾಗ ಮುಂದೆ ಓಡುವ ಮೊಮ್ಮಗನು ಅಜ್ಜನ ಕೈಹಿಡಿದು ಎಳೆಯುವುದಿಲ್ಲವೆ? ಮೊಮ್ಮಗ ತನ್ನ ಮನಸ್ಸಿನಷ್ಟು ಓಡಲಾರ, ಅಜ್ಜನೂ ತನ್ನ ಮನಸ್ಸಿನಷ್ಟು ಹಿಂದುಳಿಯಲಾರ. ಇಬ್ಬರೂ ನಡುವಿನ ಒಂದು ನಡಿಗೆಗೆ ಒಪ್ಪಿಕೊಳ್ಳುತ್ತಾರೆ. ಇಲೆಕ್ಟ್ರಾನುಗಳೂ ಅಯಾನುಗಳೂ ಸಮಾನ ಬಿಸಿಯಾಗಿದ್ದರೆ, ಅಯಾನಿನ ಭಾರದ ಅರ್ಧವನ್ನು ಈ ಸೆಳೆತವು ಎತ್ತಿಕೊಂಡಂತಾಗುತ್ತದೆ. ಹಗಲಿನಲ್ಲಿ ಇಲೆಕ್ಟ್ರಾನುಗಳೇ ಹೆಚ್ಚು ಬಿಸಿ. ಆಗ ಎಳೆತ ಇನ್ನೂ ಬಲವಾಗಿ ಇಳಿಜಾರು ಇನ್ನೂ ನೀಳವಾಗುತ್ತದೆ.

ಇದರ ಪರಿಣಾಮವನ್ನು ಸರಿಸುಮಾರಾದ ಲೆಕ್ಕದಲ್ಲಿ ನೋಡಿ. 300ರಿಂದ 700 ಕಿಲೋಮೀಟರಿಗೆ ಏರುವಷ್ಟರಲ್ಲಿ ಸಾದಾ ಆಮ್ಲಜನಕವು ಹತ್ತು ಸಲ ಅರ್ಧವಾಗಿ ಸಾವಿರದಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಪ್ಲಾಸ್ಮಾ ಐದೇ ಸಲ ಅರ್ಧವಾಗಿ ಮೂವತ್ತೆರಡರಲ್ಲಿ ಒಂದು ಪಾಲು ಉಳಿದಿರುತ್ತದೆ. ಶಿಖರದಲ್ಲಿ ಸಾವಿರಕ್ಕೆ ಒಂದಾಗಿದ್ದ ಅಯಾನು ಇಲ್ಲಿ ಮೂವತ್ತಕ್ಕೆ ಒಂದಾಯಿತು.

ಆ ವಿದ್ಯುತ್ ಕ್ಷೇತ್ರ ಇದೆಯೆಂದು ಗಣಿತವು ಬಹಳ ಹಿಂದೆಯೇ ಹೇಳಿತ್ತು. ಹಾಲೆಂಡಿನ ಪಾನೆಕುಕ್ ಎಂಬ ಖಗೋಳಜ್ಞರು ನಕ್ಷತ್ರಗಳ ವಾಯುಮಂಡಲದ ಬಗ್ಗೆ 1922ರಲ್ಲೇ ಇಂಥ ವಿಚಾರವನ್ನು ಬರೆದಿದ್ದರು. ಆದರೆ ಭೂಮಿಯ ಮೇಲಿನ ಆಕಾಶದಲ್ಲಿ ಅದನ್ನು ಕೈಯಾರೆ ಅಳೆದವರಿರಲಿಲ್ಲ. ಅದು ಅಷ್ಟು ದುರ್ಬಲ. 2022ರ ಮೇ 11ರಂದು ಉತ್ತರಧ್ರುವಕ್ಕೆ ಸಮೀಪದ ಸ್ವಾಲ್ಬಾರ್ಡ್ ದ್ವೀಪದಿಂದ ಅಮೆರಿಕದ ನಾಸಾ ಸಂಸ್ಥೆಯವರು ಎಂಡ್ಯೂರೆನ್ಸ್ ಎಂಬ ರಾಕೆಟ್ಟನ್ನು ಹಾರಿಸಿದರು. 768 ಕಿಲೋಮೀಟರು ಎತ್ತರಕ್ಕೆ ಏರಿ, ಇಪ್ಪತ್ತು ನಿಮಿಷವೂ ತುಂಬುವ ಮೊದಲು ಅದು ಸಮುದ್ರ ಸೇರಿತು. ಅಷ್ಟರಲ್ಲಿ ಸುಮಾರು 250 ಕಿಲೋಮೀಟರಿನಿಂದ ಮೇಲಿನ ತುದಿಯವರೆಗಿನ ವಿದ್ಯುತ್ ಒತ್ತಡದ ವ್ಯತ್ಯಾಸವನ್ನು ಅಳೆದಿತ್ತು. ಫಲಿತಾಂಶ 2024ರ ಆಗಸ್ಟಿನಲ್ಲಿ ಪ್ರಕಟವಾಯಿತು: 0.55 ವೋಲ್ಟು. ಮಳೆಗಾಲದ ಕತ್ತಲೆಯಲ್ಲಿ ತೋಟಕ್ಕೆ ಒಯ್ಯುವ ಟಾರ್ಚಿನ ಒಂದು ಸೆಲ್ಲು ಒಂದೂವರೆ ವೋಲ್ಟಿನದು. ಅದರ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅದೂ ಐನೂರು ಕಿಲೋಮೀಟರಿನ ಉದ್ದಕ್ಕೆ ಹಂಚಿಹೋದದ್ದು. ಇಷ್ಟು ಅಲ್ಪವಾದದ್ದು ಇಡೀ ಭೂಮಂಡಲದ ಪ್ಲಾಸ್ಮಾವನ್ನು ಎತ್ತಿ ಹಿಡಿದಿದೆ. ಈ ಸಂಗತಿಯನ್ನು ಓದಿದ ದಿನ ನಾವು ಟಾರ್ಚಿನ ಸೆಲ್ಲನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆವು. ಮನೆಯಾಕೆ "ಸೆಲ್ಲು ಹೋಯಿತೆ?" ಎಂದು ವಿಚಾರಿಸಿದರು.

ಆದರೆ ಇಳಿಜಾರು ಇಷ್ಟಕ್ಕೇ ನಿಲ್ಲುವುದಿಲ್ಲ. ಅತಿ ಹಗುರವಾದ ಜಲಜನಕದ ಪರಮಾಣುಗಳು ಬಹಳ ಎತ್ತರದವರೆಗೂ ಹರಡಿವೆ. ಆಮ್ಲಜನಕದ ಅಯಾನು ಅಂಥದೊಂದಕ್ಕೆ ಎದುರಾದಾಗ ತನ್ನ ವಿದ್ಯುದಂಶವನ್ನು ಅದಕ್ಕೆ ದಾಟಿಸುತ್ತದೆ; ಹಾಗೆ ಜಲಜನಕದ ಅಯಾನು ಹುಟ್ಟುತ್ತದೆ. ಆಮ್ಲಜನಕದ ಭಾರವನ್ನೇ ಎತ್ತಬಲ್ಲ ಆ ವಿದ್ಯುತ್ ಸೆಳೆತಕ್ಕೆ ಅದರ ಹದಿನಾರರಲ್ಲಿ ಒಂದು ಪಾಲು ತೂಕದ ಜಲಜನಕ ಯಾವ ಲೆಕ್ಕ? ಎಂಡ್ಯೂರೆನ್ಸ್ ಅಳತೆಯ ಪ್ರಕಾರ ಅದರ ಮೇಲಿನ ಸೆಳೆತವು ಗುರುತ್ವಾಕರ್ಷಣೆಯ ಹತ್ತು ಪಟ್ಟಿಗೂ ಮಿಗಿಲು. ಆದುದರಿಂದ ಒಂದು ಎತ್ತರದಿಂದಾಚೆಗೆ ಆಮ್ಲಜನಕದ ಅಯಾನುಗಳು ಹಿಂದುಳಿದು ಜಲಜನಕದವುಗಳೇ ಬಹುಸಂಖ್ಯಾತವಾಗುತ್ತವೆ. ಅಲ್ಲಿಂದ ಮುಂದೆ ಪ್ಲಾಸ್ಮಾ ಅರ್ಧವಾಗಲು 80 ಕಿಲೋಮೀಟರು ಸಾಲದು, ಸಾವಿರಕ್ಕೂ ಹೆಚ್ಚು ಬೇಕು. ಚಿತ್ರದ ಗೆರೆ ಅಲ್ಲಿ ಮೊಣಕೈಯಂತೆ ಬಾಗಿ ಇನ್ನೂ ನೀಳವಾಗುತ್ತದೆ.

ಈ ಹಸ್ತಾಂತರದ ಎತ್ತರ ಸ್ಥಿರವಾದುದಲ್ಲ; ಹಗಲಿರುಳಿಗೂ ಸೂರ್ಯನ ಚಟುವಟಿಕೆಗೂ ತಕ್ಕಂತೆ ಏರಿಳಿಯುತ್ತದೆ. 2008ರಲ್ಲಿ ಸೂರ್ಯನು ತೀರ ಮಂಕಾಗಿದ್ದ ಕಾಲ. ಆ ವರ್ಷದ ಏಪ್ರಿಲಿನಲ್ಲಿ ಅಮೆರಿಕದವರು ಹಾರಿಸಿದ ಒಂದು ಉಪಗ್ರಹವು ರಾತ್ರಿಯಲ್ಲಿ ಅದನ್ನು ಸುಮಾರು 420 ಕಿಲೋಮೀಟರಿನಲ್ಲೇ ಕಂಡಿತು, ನಿರೀಕ್ಷೆಯಿದ್ದದ್ದು 640. ಹಗಲಿನಲ್ಲಿಯೂ 960ರ ಬದಲು 800. ಸೂರ್ಯನಿಗೆ ಆಲಸ್ಯ ಬಂದರೆ ಅಯಾನುಗೋಳವು ಇಷ್ಟು ಕುಗ್ಗೀತೆಂದು ತಿಳಿದವರೂ ಊಹಿಸಿರಲಿಲ್ಲ.

ಕೊನೆಯಾದರೂ ಎಲ್ಲಿ? ಇದಕ್ಕೆ ಮೊದಲ ಸುಳಿವು ಸಿಕ್ಕಿದ್ದು ಕಿವಿಯಿಂದ. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಗಳ ಟೆಲಿಫೋನ್ ಮಾತನ್ನು ಕದ್ದು ಕೇಳುತ್ತಿದ್ದ ಜರ್ಮನರಿಗೆ ಮಾತಿನ ನಡುವೆ ಎತ್ತರದ ಸ್ವರದಿಂದ ಕೆಳಕ್ಕೆ ಜಾರುವ ವಿಚಿತ್ರ ಸಿಳ್ಳು ಕೇಳಿಸುತ್ತಿತ್ತು. ಬಾರ್ಕ್‌ಹೌಸನ್ ಎಂಬ ವಿಜ್ಞಾನಿ 1919ರಲ್ಲಿ ಅದರ ಬಗ್ಗೆ ಬರೆದರು. 1953ರಲ್ಲಿ ಕೇಂಬ್ರಿಜ್‌ನ ಸ್ಟೋರಿ ಎಂಬವರು ಅದರ ಮೂಲವನ್ನು ಬಿಡಿಸಿ ಹೇಳಿದರು. ಮಿಂಚಿನಿಂದ ಹುಟ್ಟಿದ ರೇಡಿಯೋ ತರಂಗವು ಭೂಮಿಯ ಕಾಂತ ಬಲರೇಖೆಯನ್ನು ಹಿಡಿದು ಸಾವಿರಾರು ಕಿಲೋಮೀಟರು ಮೇಲೇರಿ, ಭೂಮಿಯ ಇನ್ನೊಂದು ಗೋಳಾರ್ಧದಲ್ಲಿ ಇಳಿಯುತ್ತದೆ. ದಾರಿಯಲ್ಲಿ ಎತ್ತರದ ಸ್ವರಗಳು ಮುಂದಾಗಿ, ತಗ್ಗಿನವು ತಡವಾಗುತ್ತವೆ. ಹಾಗೆ ತಡವಾಗಬೇಕಾದರೆ ಅಷ್ಟು ದೂರದಲ್ಲಿಯೂ ಘನ ಸೆಂಟಿಮೀಟರಿಗೆ ನೂರಾರು ಇಲೆಕ್ಟ್ರಾನುಗಳು ಇರಲೇಬೇಕು. ಶೂನ್ಯವೆಂದು ತಿಳಿದಿದ್ದ ಜಾಗದಲ್ಲಿ ಪ್ಲಾಸ್ಮಾ! ಭೂಮಿಯ ನಡುಬಿಂದುವಿನಿಂದ ನಾಲ್ಕೈದು ಭೂತ್ರಿಜ್ಯಗಳ ದೂರದಲ್ಲಿ ಅದು ಥಟ್ಟನೆ ಕುಸಿದು ಕೆಲವೇ ಕಣಗಳಿಗೆ ಇಳಿಯುತ್ತದೆಂಬುದು 1960ರ ದಶಕದಲ್ಲಿ ಖಚಿತವಾಯಿತು. ಕಾಂತ ಬಿರುಗಾಳಿಯ ದಿನಗಳಲ್ಲಿ ಆ ಅಂಚು ಒಳಕ್ಕೆ ಸರಿಯುತ್ತದೆ.

ಇಷ್ಟು ಹೊತ್ತು ಹೇಳಿದ್ದು ಸಾಮಾನ್ಯ ಚಿತ್ರ. ನಮ್ಮ ತಲೆಯ ಮೇಲಿನದು ತುಸು ಬೇರೆ. ಕಾಂತೀಯ ವಿಷುವದ್ರೇಖೆಯು ಭಾರತದ ದಕ್ಷಿಣ ತುದಿಯ ಸಮೀಪದಲ್ಲಿ ಹಾದುಹೋಗುತ್ತದೆ. ತಿರುವನಂತಪುರದ ಬಳಿಯ ತುಂಬಾ ಎಂಬ ಬೆಸ್ತರ ಹಳ್ಳಿಯನ್ನು ರಾಕೆಟ್ ನೆಲೆಗೆಂದು ಆರಿಸಿಕೊಂಡು, 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ಟನ್ನು ಹಾರಿಸಿದ್ದಕ್ಕೆ ಇದೇ ಕಾರಣ. ಆ ರೇಖೆಯ ಮೇಲೆ ಕಾಂತ ಬಲರೇಖೆಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿರುತ್ತವೆ. ಹಗಲಿನ ವಿದ್ಯುತ್ ಕ್ಷೇತ್ರವೂ ಈ ಕಾಂತತ್ವವೂ ಸೇರಿ ಪ್ಲಾಸ್ಮಾವನ್ನು ಅನಾಮತ್ತಾಗಿ ಮೇಲಕ್ಕೆತ್ತುತ್ತವೆ. ಎತ್ತರಕ್ಕೆ ಹೋದ ಪ್ಲಾಸ್ಮಾವು ಬಲರೇಖೆಗಳ ಜಾರುಬಂಡಿಯಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಇಳಿದು, ಕಾಂತೀಯ ವಿಷುವದ್ರೇಖೆಯಿಂದ ಸುಮಾರು 15 ಡಿಗ್ರಿ ಆಚೀಚೆ ರಾಶಿಬೀಳುತ್ತದೆ. ಕಾರಂಜಿಯಂತೆಯೇ ಸರಿ. ನಮ್ಮ ಕಡೆಯ ರಾಶಿ ಬೀಳುವುದು ಅಹಮದಾಬಾದಿನ ಆಸುಪಾಸಿನ ಅಕ್ಷಾಂಶದಲ್ಲಿ. 1946ರಲ್ಲಿ ಆಪಲ್‌ಟನ್ನರು ಈ ವೈಚಿತ್ರ್ಯವನ್ನು ತೋರಿಸಿದಾಗ, ಬಲರೇಖೆಗಳ ಗುಂಟ ಪ್ಲಾಸ್ಮಾ ಇಳಿಯುವುದೇ ಕಾರಣವಿರಬಹುದೆಂದು ಅದೇ ವರ್ಷ ಸೂಚಿಸಿದವರಲ್ಲಿ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರರು ಒಬ್ಬರು. ಆದುದರಿಂದ ಕಾಸರಗೋಡಿನಿಂದ ತಿರುವನಂತಪುರದವರೆಗಿನ ನಮ್ಮ ಆಕಾಶದಲ್ಲಿ ಹಗಲಿನ ಶಿಖರವು ಪುಸ್ತಕದ 300ನ್ನು ಮೀರಿ ಹೋಗುವುದುಂಟು. ವಿದೇಶೀ ಪುಸ್ತಕದ ಚಿತ್ರವನ್ನು ನಕಲುಮಾಡುವವರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಇದರಿಂದ ನಮಗೇನು ಎನ್ನುವವರಿಗೆ ಒಂದು ಮಾತು. ಬೆಸ್ತರ ದೋಣಿಗೂ ನಿಮ್ಮ ಕೈಯ ಮೊಬೈಲಿಗೂ ದಾರಿ ತೋರುವ ಉಪಗ್ರಹಗಳು 20,200 ಕಿಲೋಮೀಟರು ಎತ್ತರದಲ್ಲಿವೆ. ಅವುಗಳ ಸಂಕೇತವು ಈ ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೆ ದಾಟಿಯೇ ಬರಬೇಕು. ದಾರಿಯಲ್ಲಿ ಸಿಕ್ಕುವ ಇಲೆಕ್ಟ್ರಾನುಗಳು ಅದನ್ನು ತಡಮಾಡುತ್ತವೆ. ಲೆಕ್ಕ ಹಿಡಿಯದಿದ್ದರೆ ಜಾಗವು ಹಲವು ಮೀಟರು ತಪ್ಪುತ್ತದೆ. ಆ ಇಲೆಕ್ಟ್ರಾನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇರುವುದು ಶಿಖರದ ಆಚೆ. ನಾವು ಅಳಿಸಿಸಿದ್ದು ಆ ಭಾಗವನ್ನು.

ಜೂನಿನಲ್ಲಿ ಶಾಲೆ ತೆರೆದೊಡನೆ ಹುಡುಗಿಯನ್ನು ಕರೆಸಿ, ತಪ್ಪು ನಮ್ಮದೆಂದು ಹೇಳಿದೆವು. ಈಗ ಅವಳು ಹತ್ತನೆಯ ತರಗತಿ. ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತು, "ನಾನು ಪುಸ್ತಕದ ಚಿತ್ರ ನೋಡಿಯೇ ಬರೆದದ್ದು ಮಾಸ್ಟ್ರೇ. ನೀವು ಹೇಳಿದ ಮೇಲೆ ಪುಸ್ತಕವೇ ತಪ್ಪಿರಬೇಕು ಎಂದುಕೊಂಡೆ" ಎಂದಳು. ಆ ಮಾತನ್ನು ಕೇಳಿದಾಗ ನಮಗಾದದ್ದನ್ನು ಇಲ್ಲಿ ಬರೆಯುವುದಿಲ್ಲ.

ಚಿತ್ರವನ್ನು ಹೊಸದಾಗಿ ಬರೆಯಬೇಕೆಂದು ನಿಶ್ಚಯವಾಯಿತು. 100 ಕಿಲೋಮೀಟರಿಗೆ ಒಂದು ಸೆಂಟಿಮೀಟರು ಎಂಬ ಅಳತೆ ಅವಳದೇ. ಅಡ್ಡಗೆರೆಯಲ್ಲಿ ಪ್ರತಿ ಮನೆಗೂ ಹತ್ತು ಪಟ್ಟು ಇಳಿಸುತ್ತ ಹೋದರೆ ಹತ್ತು ಲಕ್ಷವೂ ನೂರೂ ಒಂದೇ ಹಾಳೆಯ ಅಗಲದಲ್ಲಿ ಹಿಡಿಸುತ್ತವೆಂಬುದನ್ನು ಗಣಿತದ ಟೀಚರು ತೋರಿಸಿಕೊಟ್ಟರು. ಶಿಖರವು ಕೆಳಗಿನಿಂದ ಮೂರು ಸೆಂಟಿಮೀಟರಿಗೇ ಬಂತು, ಅಲುಯೆಟ್ ಹಕ್ಕಿ ಹತ್ತಕ್ಕೆ. ಮಿಕ್ಕದ್ದೆಲ್ಲ ಇಳಿಜಾರು. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಬೆನ್ನು ಅಂಟಿಸಿ ಜಗಲಿಯ ಗೋಡೆಗೆ ನೆಲದಿಂದಲೇ ತೂಗಹಾಕಿದ್ದೇವೆ. ಎರಡು ಮೀಟರಿಗೂ ಮೇಲಿರುವ ಕೊನೆಯ ಕುಸಿತವನ್ನು ಅವಳು ಬೆಂಚಿನ ಮೇಲೆ ನಿಂತು ಬರೆದಳು. ಅಲ್ಲೇ ಹೆಂಚು ಸೋರುವುದರಿಂದ ಆ ಭಾಗಕ್ಕೆ ಸದ್ಯಕ್ಕೆ ಪ್ಲಾಸ್ಟಿಕ್ ಹಾಳೆ ಹೊದೆಸಿದೆ.